ಬರಹವೆಂಬ ನೈಮಿತ್ತಿಕ ಕರ್ಮ

ಭೀಮಾನದಿಯ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬೆಯ ದೇವಾಲಯದ ಆವರಣಕ್ಕೆ ಸೇರಿದ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದುಬಿದ್ದು ದೇವಿಯ ಮೂರ್ತಿ ಭಗ್ನವಾಯಿತು. ಆ ಮೂರ್ತಿಗೆ ಪೀಠವಾಗಿ ಶತಮಾನಗಳ ಕಾಲ ನೆಲದಲ್ಲಿ ಹುದುಗಿದ್ದ ಕಲ್ಲುಚಪ್ಪಡಿ ಅಶೋಕಚಕ್ರವರ್ತಿಯ ಶಾಸನವೆಂಬುದು ಅದರಿಂದ ಲೋಕಕ್ಕೆ ತಿಳಿಯಿತು. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ, ನಿಟ್ಟೂರು ಮೊದಲಾದ ಕರ್ಣಾಟಕದ ಇತರ ಸ್ಥಳಗಳಲ್ಲಿ ಆ ದೊರೆಯ ಕಿರುಶಾಸನಗಳಿದ್ದರೆ, ಸನ್ನತಿಯ ಚಪ್ಪಡಿ ಒಂದು ಮುಖದಲ್ಲಿ ಮಹಾಶಿಲಾಶಾಸನಗಳ ಪೈಕಿ ಹನ್ನೆರಡನೆಯದರ ಮತ್ತು ಹದಿನಾಲ್ಕನೆಯದರ ಭಾಗಗಳನ್ನೂ, ಇನ್ನೊಂದು ಮುಖದಲ್ಲಿ ಕಳಿಂಗದ ಧೌಲಿ ಜೌಗಡಗಳಿಂದ ಮಾತ್ರ ಅದುವರೆಗೆ ಪರಿಚಿತವಾಗಿದ್ದ ಎರಡು ಪ್ರತ್ಯೇಕ ಶಾಸನಗಳ ಭಾಗಗಳನ್ನೂ ಧರಿಸಿತ್ತು. ಮೂರ್ತಿಯನ್ನು ನಿಲ್ಲಿಸುವ ಸಲುವಾಗಿ ಯಾರೋ ನಡುವೆ ರಂಧ್ರವನ್ನು ಕೊರೆದಿದ್ದುದರಿಂದ ಕೆಲವು ಅಕ್ಷರಗಳು ಎಂದೆಂದಿಗೂ ನಷ್ಟವಾದುವು. ಉಳಿದುವನ್ನು ಇತರ ಪಾಠಗಳೊಡನೆ ಹೋಲಿಸಿ ವಿದ್ವಾಂಸರು ಓದಿರುವರು.

ಹದಿನಾಲ್ಕನೆಯ ಶಾಸನ ಪ್ರಜೆಗಳಿಗೆ ಇಂಥದನ್ನು ಮಾಡಿರಿ, ಇಂಥದನ್ನು ಬಿಡಿರಿ ಎಂದು ವಿಧಿಸುವುದಿಲ್ಲ. ಅದು ಬರಹವನ್ನೇ ಕುರಿತ ಬರಹ. ತಾನು ಕಂಡರಿಸಿದ ಧರ್ಮಲಿಪಿಗಳು ಕೆಲವೆಡೆ ಸಂಕ್ಷೇಪವಾಗಿಯೂ ಕೆಲವೆಡೆ ಮಧ್ಯಮಪ್ರಮಾಣದಲ್ಲಿಯೂ ಕೆಲವೆಡೆ ವಿಸ್ತಾರವಾಗಿಯೂ ಇವೆಯೆಂದೂ, ಎಲ್ಲವೂ ಎಲ್ಲ ಕಡೆಗೂ ಹೊಂದುವುದಿಲ್ಲವೆಂದೂ, ರಾಜ್ಯ ವಿಶಾಲವಾದುದರಿಂದ ಬಹಳವನ್ನು ಬರೆಯಿಸಿದ್ದು ಇನ್ನೂ ಬರೆಯಿಸಲಿರುವೆನೆಂದೂ ದೊರೆ ತಿಳಿಸುತ್ತಾನೆ. ಒಂದೇ ಮಾತು ಮತ್ತೆ ಮತ್ತೆ ಬಂದಿದ್ದರೆ ಅದು ಆ ವಿಷಯದ ಮಾಧುರ್ಯದಿಂದ, ಜನ ಅದರಂತೆ ನಡೆಯಲೆಂಬ ಉದ್ದೇಶದಿಂದ. ಎಲ್ಲಿಯಾದರೂ ಅಪೂರ್ಣವಾಗಿದ್ದರೆ ಅದು ಸ್ಥಳದ ಕಾರಣದಿಂದಲೋ ಲಿಪಿಕಾರನ ಪ್ರಮಾದದಿಂದಲೋ. ಅಷ್ಟು ದೊಡ್ಡ ರಾಜ್ಯವನ್ನಾಳಿದವನು ತನ್ನ ಬರಹಗಳ ಬಾಹುಳ್ಯಕ್ಕೂ ಪುನರುಕ್ತಿಗೂ ನ್ಯೂನತೆಗೂ ಕಾರಣ ಹೇಳುವುದು ತನ್ನ ಕರ್ತವ್ಯವೆಂದು ಭಾವಿಸಿದನಲ್ಲ, ಅದು ನನಗೆ ಅತ್ಯಂತ ಗೌರವಾರ್ಹವಾಗಿ ಕಾಣುತ್ತದೆ. ಬರೆಯಿಸಿದುದಕ್ಕೂ ಮತ್ತೆ ಮತ್ತೆ ಹೇಳಿದುದಕ್ಕೂ ಅವನು ಕೊಟ್ಟ ಕಾರಣಗಳು ಕೇಳುವವರ ಹಿತವನ್ನು ಕುರಿತುವು. ಬರೆಯಿಸಿದವನಿಗೆ ಏನು ಸಂದಿತೆಂಬುದು ಅವುಗಳಲ್ಲಿ ಎಲ್ಲಿಯೂ ಇಲ್ಲ.

ನಮ್ಮ ವಿದ್ಯಾಲಯಗಳಲ್ಲಿ ಇಂದು ಸಂಶೋಧಕನಾದವನು ಇಂಥ ಕಾರಣವನ್ನು ತಾನು ಬರೆದುದಕ್ಕೆ ಕೊಡಬಲ್ಲನೆ? ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರ ನಿಯಮಾವಳಿಯಲ್ಲಿ ಪಿಎಚ್.ಡಿ. ಪ್ರಬಂಧವನ್ನು ಸಲ್ಲಿಸುವುದಕ್ಕೆ ಮುಂಚೆ ಒಂದು ಲೇಖನವಾದರೂ ಪ್ರಕಟವಾಗಿರಬೇಕೆಂದು ವಿಧಿಸಿತು. 2010ರಲ್ಲಿ ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಎ.ಪಿ.ಐ. ಎಂಬ ಅಂಕಗಣನೆ ಬಂದು, ಲೇಖನಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು ಎಂದು ವಿದ್ವತ್ತೆಗೆ ಬೆಲೆಪಟ್ಟಿ ಸಿದ್ಧವಾಯಿತು. ಬೇಡಿಕೆ ಹುಟ್ಟಿದೊಡನೆ ಅದನ್ನು ಪೂರೈಸುವವರೂ ಹುಟ್ಟಿದರು: ಹಣ ಕಟ್ಟಿದವರ ಬರಹವನ್ನು ಓದದೆಯೇ ಅಚ್ಚುಮಾಡುವ, ಐ.ಎಸ್.ಎಸ್.ಎನ್. ಸಂಖ್ಯೆಯೊಂದನ್ನು ಹಣೆಯ ಮೇಲೆ ಧರಿಸಿದ ನಿಯತಕಾಲಿಕೆಗಳು ದೇಶದ ತುಂಬ ಹಬ್ಬಿದುವು. 2018ರ ಮೇ ತಿಂಗಳಲ್ಲಿ ಆಯೋಗ ತಾನೇ ಅಂಗೀಕರಿಸಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಅನಂತರ ಬಂದ ಕೇರ್ ಎಂಬ ಪಟ್ಟಿಯೂ 2025ರಲ್ಲಿ ನಿಂತಿತು. ಪ್ರಬಂಧಕ್ಕೆ ಮುಂಚಿನ ಕಡ್ಡಾಯ ಪ್ರಕಟಣೆಯನ್ನು 2022ರ ನಿಯಮಗಳೇ ಕೈಬಿಟ್ಟಿದ್ದುವು. ನಿಯಮ ಸಡಿಲವಾದರೂ ಅಭ್ಯಾಸ ಸಡಿಲವಾಗಲಿಲ್ಲ. ಎಷ್ಟು ಪೇಪರ್ ಆಯಿತು ಎಂಬುದೇ ಕಲಬುರಗಿಯಲ್ಲಾಗಲಿ ಧಾರವಾಡದಲ್ಲಾಗಲಿ ಸಂಶೋಧಕರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆಯಾಗಿ ಉಳಿದಿದೆ. ಏನನ್ನು ಕಂಡೆ ಎಂದು ಕೇಳುವವರು ವಿರಳ.

ಇದನ್ನು ಆಡಳಿತದ ಪ್ರಶ್ನೆಯೆಂದು ತಿಳಿದು ನಿಯಮಗಳನ್ನು ತಿದ್ದುವವರಿಗೆ ಬಿಟ್ಟುಬಿಡಬಹುದು. ಆದರೆ ನನ್ನ ಮನಸ್ಸಿಗೆ ಅದು ಮೂಲತಃ ಧರ್ಮಜಿಜ್ಞಾಸೆಯ ಪ್ರಶ್ನೆಯಾಗಿಯೇ ತೋರುತ್ತದೆ: ತಿಳಿದವನು ತನ್ನ ತಿಳಿವನ್ನು ಲೋಕಕ್ಕೆ ಹೇಳುವುದು ಯಾವ ಬಗೆಯ ಕರ್ಮ? ಅದನ್ನು ಮಾಡೆಂದು ವಿಧಿಸುವುದು ಯಾರು, ಯಾವಾಗ?

ಈ ಪ್ರಶ್ನೆಯನ್ನು ಎತ್ತುವುದಕ್ಕೆ ಸನ್ನತಿಯ ಸೀಮೆಗಿಂತ ತಕ್ಕ ನೆಲ ದುರ್ಲಭ. ಸನ್ನತಿ ಸೇರಿರುವ ಚಿತ್ತಾಪುರ ತಾಲ್ಲೂಕಿನಲ್ಲಿಯೇ, ಚಿತ್ತಾಪುರ ಪಟ್ಟಣಕ್ಕೆ ಅಂಟಿದಂತಿರುವ ನಾಗಾವಿಯಲ್ಲಿ, ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನನು ಬೆಳೆಸಿದ ಘಟಿಕಾಸ್ಥಾನವೊಂದಿತ್ತು. ಅಲ್ಲಿ ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳೂ ಶಾಸ್ತ್ರಾಧ್ಯಯನಕ್ಕೆ ಬೇರೆ ವಿದ್ಯಾರ್ಥಿಗಳೂ ಇದ್ದರೆಂದೂ, ಗ್ರಂಥಗಳನ್ನು ಕಾಯುವ ಸರಸ್ವತೀಭಂಡಾರಿಗರು ಆರು ಮಂದಿ ಇದ್ದರೆಂದೂ 1058ರ ಶಾಸನ ತಿಳಿಸುತ್ತದೆ. ಶಾಸ್ತ್ರಬೋಧಕರಲ್ಲಿ ಒಬ್ಬನು ಭಾಟ್ಟದರ್ಶನಕ್ಕೆ, ಒಬ್ಬನು ವ್ಯಾಕರಣದ ನ್ಯಾಸಕ್ಕೆ, ಒಬ್ಬನು ಪ್ರಾಭಾಕರಮತಕ್ಕೆ. ಮೀಮಾಂಸೆಯ ಎರಡು ಪರಸ್ಪರವಿರುದ್ಧ ಶಾಖೆಗಳಿಗೆ ಒಂದೇ ಸೂರಿನಡಿ ಎರಡು ಪೀಠಗಳನ್ನು ಕಲ್ಪಿಸಿದ್ದ ಆ ಔದಾರ್ಯ ನನಗೆ ಬಹು ಪ್ರಿಯವಾದುದು. ಏಕೆಂದರೆ ಆ ಎರಡು ಶಾಖೆಗಳ ನಡುವಿನ ವಿವಾದವೇ ನಮ್ಮ ಪ್ರಶ್ನೆಯ ಹೃದಯ. ಮನುಷ್ಯನನ್ನು ಕರ್ಮದಲ್ಲಿ ತೊಡಗಿಸುವುದು ಯಾವುದು? ಇದು ಮಾಡತಕ್ಕದ್ದು ಎಂಬ ವಿಧಿಯ ಅರಿವೇ ಸಾಕು, ಫಲದ ಆಸೆ ತೊಡಗುವಿಕೆಗೆ ಕಾರಣವಾಗಬೇಕಾಗಿಲ್ಲ ಎಂಬುದು ಪ್ರಭಾಕರನ ಕಡೆಯವರ ಮಾತು. ತನಗೆ ಇಷ್ಟವಾದುದೊಂದು ಇದರಿಂದ ಸಿದ್ಧಿಸುವುದೆಂದು ತೋರದೆ ಯಾರೂ ಕೈಯೆತ್ತುವುದಿಲ್ಲ, ವಿಧಿಯೂ ಆ ಇಷ್ಟವನ್ನು ತೋರಿಸಿಯೇ ಪ್ರೇರಿಸುತ್ತದೆ ಎಂಬುದು ಭಾಟ್ಟರ ಮಾತು.

ಇಬ್ಬರೂ ಒಪ್ಪುವ ಕರ್ಮವಿಭಾಗವೊಂದಿದೆ. ಸಂಧ್ಯಾವಂದನೆಯಂತೆ ದಿನದಿನವೂ ಮಾಡಲೇಬೇಕಾದುದು ನಿತ್ಯ. ಸ್ವರ್ಗವನ್ನೋ ಸಂತಾನವನ್ನೋ ಬಯಸಿದವನು ಮಾಡುವುದು ಕಾಮ್ಯ. ಒಂದು ಸಂದರ್ಭ ಒದಗಿದಾಗ ಮಾತ್ರ ಕರ್ತವ್ಯವಾಗುವುದು, ಆದರೆ ಒದಗಿದಾಗ ತಪ್ಪಿಸಲಾಗದುದು, ನೈಮಿತ್ತಿಕ. ಗ್ರಹಣ ಹಿಡಿದಾಗ ಸ್ನಾನ ಮಾಡಬೇಕು, ಮಾಡದಿದ್ದರೆ ಪ್ರತ್ಯವಾಯವುಂಟು. ಗ್ರಹಣವೇ ಇಲ್ಲದ ದಿನ ಗ್ರಹಣಸ್ನಾನ ಮಾಡಿದರೆ ಅದು ಹೆಚ್ಚಿನ ಪುಣ್ಯವೆನಿಸುವುದಿಲ್ಲ, ಅರ್ಥವೇ ಇಲ್ಲದ ಕ್ರಿಯೆಯಾಗುತ್ತದೆ. ವಿದ್ವಾಂಸನ ಪಾಲಿಗೆ ಅಧ್ಯಯನ ನಿತ್ಯಕರ್ಮ. ಋಷಿಗಳಿಗೆ ನಾವು ಹುಟ್ಟಿನಿಂದಲೇ ಋಣಿಗಳೆಂದು ವೇದ ಹೇಳುವಾಗ ಆ ಋಣವನ್ನು ತೀರಿಸುವ ಮಾರ್ಗವನ್ನು ಅಧ್ಯಯನದಲ್ಲಿಯೇ ಇಟ್ಟಿದೆ. ಆದರೆ ಪ್ರಕಟಣೆ ನಿತ್ಯವೂ ಅಲ್ಲ, ಕಾಮ್ಯವೂ ಅಲ್ಲ. ಅದು ನೈಮಿತ್ತಿಕವೆಂಬುದು ನನ್ನ ನಿಶ್ಚಯ. ಹಿಂದೆ ಯಾರಿಗೂ ತಿಳಿಯದುದೊಂದು ಕಂಡಿತೆ, ತಪ್ಪಾಗಿ ತಿಳಿದಿದ್ದುದೊಂದು ಸರಿಯಾಯಿತೆ, ಅದು ನಿಮಿತ್ತ. ಆ ನಿಮಿತ್ತ ಕೂಡಿಬಂದಾಗ ಹೇಳದಿರುವುದು ದೋಷ. ಅದು ಕೂಡಿಬರುವ ಮೊದಲು ಹೇಳಹೊರಡುವುದೂ ದೋಷ. ನಮ್ಮ ಅಂಕಗಣನೆಯ ಪದ್ಧತಿ ಮಾಡಿರುವ ತಪ್ಪು ಎರಡು ಮಡಿಯದು. ನೈಮಿತ್ತಿಕವನ್ನು ಬಡ್ತಿಗೆ ಸಾಧನವಾಗಿಸಿ ಅದನ್ನು ಕಾಮ್ಯಮಾಡಿತು; ವರ್ಷವರ್ಷದ ಲೆಕ್ಕಕ್ಕೆ ಗುರಿಪಡಿಸಿ ಅದನ್ನು ನಿತ್ಯದ ವೇಷದಲ್ಲಿ ನಿಲ್ಲಿಸಿತು. ಸತ್ಯವೊಂದು ಗೋಚರವಾಗುವುದಕ್ಕೆ ಆರ್ಥಿಕ ವರ್ಷದ ಗಡುವಿಲ್ಲ.

ನಿಮಿತ್ತವಿದ್ದೂ ಮೌನವಾಗಿರುವುದು ಎಂಥ ದೋಷವೆಂಬುದನ್ನೂ ಸನ್ನತಿಯೇ ಕಲಿಸುತ್ತದೆ. ಕಡಮೆ ಬರೆಯುವುದೇ ದೊಡ್ಡತನವೆಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. ನಾನು ಅದನ್ನು ಒಪ್ಪಲಾರೆ. ಈ ಊರಿನ ಬೌದ್ಧ ಅವಶೇಷಗಳ ಕಡೆಗೆ 1954ರಲ್ಲಿ ವಿದ್ವಾಂಸರ ದೃಷ್ಟಿಯನ್ನು ತಿರುಗಿಸಿದವರು ಕಪಟರಾಳ ಕೃಷ್ಣರಾಯರು. ವಕೀಲವೃತ್ತಿಯವರಾದ ಅವರಿಗೆ ಯಾವ ವಿದ್ಯಾಲಯವೂ ಅದಕ್ಕಾಗಿ ಅಂಕ ಕೊಡಬೇಕಾಗಿರಲಿಲ್ಲ. ಅವರು ಸುಮ್ಮನಿದ್ದಿದ್ದರೆ ಹೊಲಗಳ ನಡುವಿನ ದಿಬ್ಬಗಳು ಇನ್ನೆಷ್ಟು ಕಾಲ ಬರಿಯ ದಿಬ್ಬಗಳಾಗಿರುತ್ತಿದ್ದುವೊ. ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1994ರಿಂದ ಹಲವು ಋತುಗಳ ಕಾಲ ನಡೆಸಿದ ಉತ್ಖನನದಲ್ಲಿ, ಶಾಸನಗಳಲ್ಲಿ ಅಧೋಲೋಕ ಮಹಾಚೈತ್ಯವೆಂದು ಹೆಸರಾದ ಸ್ತೂಪ ಬೆಳಕಿಗೆ ಬಂದಿತು. ಇಲ್ಲಿನ ಸುಣ್ಣಕಲ್ಲಿನಲ್ಲಿ ಕೆತ್ತಿದ ಜಾತಕಕಥೆಗಳು, ಸಾತವಾಹನ ಅರಸರು, ದಾನಿಗಳ ಹೆಸರುಗಳು, ಎಲ್ಲಕ್ಕಿಂತ ಮಿಗಿಲಾಗಿ ರಾಯೊ ಅಸೋಕೊ ಎಂಬ ಬರಹದ ಕೆಳಗೆ ರಾಣಿಯೊಡನೆ ನಿಂತ ಅಶೋಕನ ರೂಪ ಹೊರಬಂದುವು. ಕೆ. ಪಿ. ಪೂಣಚ್ಚನವರ ಉತ್ಖನನವರದಿ ಇಲಾಖೆಯ ಗ್ರಂಥಮಾಲೆಯಲ್ಲಿ 2011ರ ವರ್ಷವನ್ನು ಹೊತ್ತು ಬಂದಿತು. ಅಲ್ಲಿಯ ಶಾಸನಗಳನ್ನೆಲ್ಲ ಒಟ್ಟುಗೂಡಿಸಿದ ನಕಾನಿಶಿ ಮತ್ತು ಫಾನ್ ಹಿನ್ಯೂಬರ್ ಅವರ ಗ್ರಂಥ 2014ರಲ್ಲಿ ಜಪಾನಿನಿಂದ ಪ್ರಕಟವಾಯಿತು.

ಉತ್ಖನನವೆಂಬುದು ತಾನು ಓದುವ ಪುಟವನ್ನು ಓದುತ್ತಲೇ ನಾಶಮಾಡುವ ವಿದ್ಯೆ. ಅಗೆದ ಮಣ್ಣಿನ ಸ್ತರ ಮರಳಿ ಬರುವುದಿಲ್ಲ. ಅಗೆದವನು ಬರೆಯದಿದ್ದರೆ ಆ ಸಾಕ್ಷ್ಯ ಇನ್ನು ಯಾರಿಗೂ ಇಲ್ಲ. ನಮ್ಮ ದೇಶದಲ್ಲಿ ವರದಿಯೇ ಬಾರದೆ ಉಳಿದ ಉತ್ಖನನಗಳು ಹಲವು. ಅಂಥ ಒಂದೊಂದೂ ಋಷಿಋಣದಲ್ಲಿ ಉಳಿದ ಬಾಕಿಯೆಂದೇ ನಾನೆಣಿಸುತ್ತೇನೆ. ಇಂಥ ವರದಿಯೊಂದಕ್ಕೆ ಬೇಕಾಗುವ ತಾಳ್ಮೆ, ಮಡಕೆಯ ಚೂರುಗಳ ವರ್ಗೀಕರಣ, ಶಿಲ್ಪಗಳ ಜೋಡಣೆ, ಅಕ್ಷರ ಅಕ್ಷರವಾಗಿ ಶಾಸನಪಾಠದ ನಿರ್ಣಯ, ಇವು ಯಾವುವೂ ವಾರ್ಷಿಕ ಅಂಕಪಟ್ಟಿಯ ಒಂದು ಸಾಲಿನೊಳಗೆ ಹಿಡಿಯತಕ್ಕವಲ್ಲ. ಸಂಖ್ಯೆಯನ್ನು ಕೇಳುವ ಪದ್ಧತಿ ಹೀಗೆ ನಿಮಿತ್ತವಿಲ್ಲದ ಬರಹವನ್ನು ಬೆಳೆಸುವುದಲ್ಲದೆ ನಿಮಿತ್ತವಿರುವ ಬರಹವನ್ನು ಹಿಂದಕ್ಕೂ ತಳ್ಳುತ್ತದೆ. ಹತ್ತು ವರ್ಷದ ಕೆಲಸವನ್ನು ಹತ್ತು ತುಂಡುಮಾಡಿ ಹತ್ತು ಕಡೆ ಹಾಕಿದವನಿಗೆ ದಾರಿ ತೆರೆಯುತ್ತದೆ. ಅದನ್ನು ಇಡಿಯಾಗಿ ಮುಗಿಸಬೇಕೆಂದು ಹಟ ಹಿಡಿದವನು ಅತಿಥಿ ಉಪನ್ಯಾಸಕನಾಗಿಯೇ ನರೆಯುತ್ತಾನೆ.

ಸೇಡಂ ತಾಲ್ಲೂಕಿನ ಮಳಖೇಡಕ್ಕೆ, ಎಂದರೆ ರಾಷ್ಟ್ರಕೂಟರ ಮಾನ್ಯಖೇಟಕ್ಕೆ, ಸಂಬಂಧಿಸಿದ ಒಂದು ವಿದ್ವತ್ಪರಂಪರೆ ಈ ಸಂದರ್ಭದಲ್ಲಿ ನನ್ನ ಮನಸ್ಸಿಗೆ ಬರುತ್ತದೆ. ವೀರಸೇನಾಚಾರ್ಯರು ಜಯಧವಲಾ ಎಂಬ ಮಹಾವ್ಯಾಖ್ಯಾನವನ್ನು ಆರಂಭಿಸಿ 20,000 ಗ್ರಂಥಪ್ರಮಾಣದಷ್ಟನ್ನು ರಚಿಸಿ ಕಾಲವಶರಾದರು. ಶಿಷ್ಯರಾದ ಜಿನಸೇನರು ಅದಕ್ಕೆ 40,000ದಷ್ಟನ್ನು ಸೇರಿಸಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಶಕ 759ರಲ್ಲಿ, ಎಂದರೆ 837ರಲ್ಲಿ, ಪೂರ್ತಿಗೊಳಿಸಿದರು. ಆ ಜಿನಸೇನರೇ ಮುಂದೆ ಮಹಾಪುರಾಣವನ್ನು ಕೈಗೆತ್ತಿಕೊಂಡು ಆದಿಪುರಾಣವನ್ನೂ ಮುಗಿಸದೆ ತೀರಿಕೊಂಡರು; ಅದನ್ನು ಮುಗಿಸಿದವರು ಅವರ ಶಿಷ್ಯರಾದ ಗುಣಭದ್ರರು. ಮೂರು ತಲೆಮಾರು, ಎರಡು ಅಪೂರ್ಣ ಕೃತಿಗಳು. ಗುರು ಬಿಟ್ಟುದನ್ನು ಮುಗಿಸುವುದರಲ್ಲಿ ಆಯುಷ್ಯವನ್ನು ಕಳೆದ ಶಿಷ್ಯನಿಗೆ ಅದು ನಷ್ಟವೆಂದು ತೋರಲಿಲ್ಲ. ಇಂಥವರಿಗೆ ಕೃತಿ ದೊಡ್ಡದು, ಆಯುಷ್ಯ ಚಿಕ್ಕದು. ಕೃತಿಯ ಪರಿಮಾಣವನ್ನು ವಸ್ತು ನಿರ್ಣಯಿಸುತ್ತಿತ್ತು. ಅಲ್ಲಿಂದ ಅನತಿದೂರದ ಮರತೂರಿನವನೆಂದು ನಮ್ಮವರು ಹೆಮ್ಮೆಪಡುವ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ಒಂದು ವ್ಯಾಖ್ಯಾನದಿಂದ, ಬಂಗಾಳದ ಕಡೆಯನ್ನುಳಿದು ಹೆಚ್ಚುಕಡಮೆ ಭಾರತದ ಹಿಂದೂ ಕುಟುಂಬಗಳೆಲ್ಲದರ ಆಸ್ತಿಯ ಹಂಚಿಕೆ ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು.

ಇಷ್ಟು ಹೇಳಿ ಹಿಂದಿನ ಕಾಲವೇ ಸುಖವೆಂದು ನಿಟ್ಟುಸಿರುಬಿಟ್ಟರೆ ಅದು ಸತ್ಯಕ್ಕೆ ಮಾಡಿದ ಅಪಚಾರವಾದೀತು. ನಾಗಾವಿಯ ಘಟಿಕಾಸ್ಥಾನದಲ್ಲಿ ಬೋಧಕನಿಗೆ ವೃತ್ತಿಯಾಗಿ ಭೂಮಿಯಿತ್ತು, ವಿದ್ಯಾರ್ಥಿಗೆ ಅಶನವಸನಗಳಿದ್ದುವು, ನಿಜ. ಜೀವನವನ್ನು ಮೊದಲೇ ಭದ್ರಪಡಿಸಿ ಅನಂತರ ವಿದ್ಯೆಯನ್ನು ನಿರೀಕ್ಷಿಸಿದ ಆ ಕ್ರಮದಲ್ಲಿ ಪ್ರಾಭಾಕರರ ಆದರ್ಶಕ್ಕೂ ಭಾಟ್ಟರ ವಾಸ್ತವಬುದ್ಧಿಗೂ ಸಾಮರಸ್ಯವಿತ್ತು. ಆದರೆ ಆ ಬಾಗಿಲು ವೇದಾಧಿಕಾರವಿದ್ದವರಿಗೆ ಮಾತ್ರ ತೆರೆದಿದ್ದಿತು. ಇಂದು ವಾಡಿಯ ಸಿಮೆಂಟು ಕಾರ್ಖಾನೆಯ ಕೂಲಿಯವನ ಮಗಳೂ ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವವನ ಮಗನೂ 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿಯೋ 2009ರಲ್ಲಿ ಹುಟ್ಟಿದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೋ ಸಂಶೋಧನೆಗೆ ನೋಂದಾಯಿಸಿಕೊಳ್ಳಬಹುದು. ಅವರ ಮನೆಯಲ್ಲಿ ಓದಿದವರು ಅವರೇ ಮೊದಲಿಗರು. ಆಯ್ಕೆಸಮಿತಿಯಲ್ಲಿ ಅವರ ಜಾತಿಯವರಿಲ್ಲ, ಪರಿಚಿತರಿಲ್ಲ, ಶಿಫಾರಸು ಮಾಡುವ ಗುರುವಿನ ಗುರುವಿಲ್ಲ. ಅಂಥವರಿಗೆ ಸಂಖ್ಯೆ ಒಂದು ರಕ್ಷೆಯಾಗಿತ್ತೆಂಬುದನ್ನು ಮರೆಯಲಾಗದು. ಮುಖ ನೋಡಿ ಮಣೆ ಹಾಕುವ ಜಾಗದಲ್ಲಿ, ಇಗೊ ನನ್ನ ಹತ್ತು ಲೇಖನಗಳು, ಎಣಿಸಿಕೊಳ್ಳಿರಿ, ಎನ್ನುವುದಕ್ಕೆ ಒಂದು ಧೈರ್ಯ ಬರುತ್ತಿತ್ತು. ಪಕ್ಷಪಾತಕ್ಕೆ ಔಷಧವಾಗಿ ಬಂದ ಎಣಿಕೆ ತಾನೇ ರೋಗವಾದುದು ದುಃಖದ ಸಂಗತಿ. ಆದರೆ ಔಷಧವನ್ನು ನಿಲ್ಲಿಸುವ ಮಾತಾಡುವವನು ಮೂಲರೋಗಕ್ಕೆ ಏನು ಹೇಳುತ್ತಾನೆಂಬುದನ್ನು ಆ ಮಗಳು ಕೇಳಿಯೇ ಕೇಳುತ್ತಾಳೆ. ಹೊಟ್ಟೆಗೆ ಆಧಾರವಿಲ್ಲದವಳಿಗೆ ನಿಷ್ಕಾಮಕರ್ಮವನ್ನು ಉಪದೇಶಿಸುವ ಅಧಿಕಾರ ತಿಂಗಳ ಸಂಬಳ ಪಡೆಯುವ ಯಾರಿಗೂ ಇಲ್ಲ.

ಸನ್ನತಿಯ ಚಪ್ಪಡಿಯ ಕಡೆಗೆ ಮತ್ತೆ ತಿರುಗುವುದಕ್ಕೆ ಇದು ಕಾರಣ. ಹನ್ನೆರಡನೆಯ ಶಾಸನದಲ್ಲಿ ದೊರೆ ಎಲ್ಲ ಮತಪಂಥಗಳನ್ನೂ ದಾನಗಳಿಂದಲೂ ಪೂಜೆಯಿಂದಲೂ ಗೌರವಿಸುವೆನೆಂದು ಹೇಳಿ, ಆದರೂ ದಾನವನ್ನಾಗಲಿ ಪೂಜೆಯನ್ನಾಗಲಿ ತಾನು ಆ ಪಂಥಗಳ ಸಾರದ ವೃದ್ಧಿಯಷ್ಟು ದೊಡ್ಡದೆಂದು ಎಣಿಸುವುದಿಲ್ಲವೆಂದೂ, ಆ ವೃದ್ಧಿಯ ಮೂಲ ಮಾತಿನ ಸಂಯಮವೆಂದೂ ಸಾರುತ್ತಾನೆ. ಸಾರ ಹೆಚ್ಚಬೇಕಾದರೆ ಮಾತು ಹಿಡಿತದಲ್ಲಿರಬೇಕು. ಒಬ್ಬರ ಧರ್ಮವನ್ನು ಒಬ್ಬರು ಕಿವಿಗೊಟ್ಟು ಕೇಳಬೇಕು, ಬಹುಶ್ರುತರಾಗಬೇಕು. ಮತಗಳ ಸೌಹಾರ್ದಕ್ಕಾಗಿ ಹೇಳಿದ ಈ ಮಾತು ವಿದ್ಯೆಯ ವಿಷಯದಲ್ಲಿ ಎಷ್ಟು ನೇರವಾಗಿ ನಿಲ್ಲುತ್ತದೆ! ನ್ಯಾಯಶಾಸ್ತ್ರದವರು ಸಂವಾದವನ್ನು ಮೂರಾಗಿ ವಿಂಗಡಿಸಿದರು: ತತ್ತ್ವನಿರ್ಣಯಕ್ಕಾಗಿ ವಾದ, ಗೆಲವಿಗಾಗಿ ಜಲ್ಪ, ಬರಿಯ ಖಂಡನೆಗಾಗಿ ವಿತಂಡೆ. ಇವುಗಳಲ್ಲಿ ಕಡೆಯದಕ್ಕೂ ಎದುರಿಗೆ ಒಬ್ಬ ಕೇಳುಗ ಬೇಕು. ನಾವು ನಾಲ್ಕನೆಯದೊಂದನ್ನು ಕಲ್ಪಿಸಿದ್ದೇವೆ. ಅದಕ್ಕೆ ತತ್ತ್ವವೂ ಬೇಡ, ಗೆಲವೂ ಬೇಡ, ಕೇಳುವವನೂ ಬೇಡ. ಪ್ರಕಟವಾಯಿತೆಂಬ ಪ್ರಮಾಣಪತ್ರವೊಂದಿದ್ದರೆ ಸಾಕು. ನಾನು ಹೆದರುವುದು ಇದಕ್ಕೆ. ಓದುಗನಿಲ್ಲದ ಬರಹವನ್ನು ಬರೆಯುತ್ತ ಬರೆಯುತ್ತ ಸಂಶೋಧಕನು ಇತರರ ಬರಹವನ್ನು ಓದುವುದನ್ನೂ ಬಿಡುತ್ತಾನೆ. ಬಹುಶ್ರುತತ್ವ ಹೋಗಿ ಬಹುಲಿಖಿತತ್ವ ಉಳಿಯುತ್ತದೆ.

ಚಪ್ಪಡಿಯ ಇನ್ನೊಂದು ಮುಖದ ಪ್ರತ್ಯೇಕ ಶಾಸನಗಳು ಪ್ರಜೆಗಳಿಗಲ್ಲ, ಅಧಿಕಾರಿಗಳಿಗೆ ಹೇಳಿದುವು. ಧೌಲಿ ಜೌಗಡಗಳಲ್ಲಿ ಹೆಚ್ಚು ಪೂರ್ಣವಾಗಿ ದೊರೆಯುವ ಮೊದಲನೆಯ ಪ್ರತ್ಯೇಕ ಶಾಸನದಲ್ಲಿ, ಜನರ ವಿಚಾರಣೆ ಮಾಡುವ ಮಹಾಮಾತ್ರರಿಗೆ ಅಶೋಕನು ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ನೆನಪುಮಾಡಿಕೊಟ್ಟು, ಮಧ್ಯಸ್ಥಬುದ್ಧಿಯಿಂದ ನಡೆದುಕೊಳ್ಳಲು ಅಡ್ಡಿಯಾಗುವ ದೋಷಗಳನ್ನು ಹೆಸರಿಸುತ್ತಾನೆ: ಅಸೂಯೆ, ಸಿಡುಕು, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಆಲಸ್ಯ, ದಣಿವು. ಸಿಡುಕದಿರುವುದೂ ಆತುರಪಡದಿರುವುದೂ ಎಲ್ಲಕ್ಕೂ ಮೂಲವೆಂದು ಆಮೇಲೆ ಹೇಳುತ್ತಾನೆ. ನಮ್ಮ ಕಾಲದ ಆಯ್ಕೆಸಮಿತಿಗಳ ಮಹಾಮಾತ್ರರಿಗೆ ಈ ಪಟ್ಟಿಯಲ್ಲಿ ಹೆಚ್ಚಾಗಿ ಅನ್ವಯಿಸುವುವು ಆತುರ, ಆಲಸ್ಯ, ದಣಿವುಗಳೇ. ಅವರು ಎಣಿಸುವುದು ದುಷ್ಟತನದಿಂದಲ್ಲ, ಓದುವುದಕ್ಕೆ ಹೊತ್ತಿಲ್ಲದುದರಿಂದ. ಮಾತಿನ ಸಂಯಮವನ್ನು ನಾವು ಸದಾ ಸಂಶೋಧಕನಿಂದ ಬೇಡುತ್ತೇವೆ. ಆದರೆ ಅವನು ಅಸಂಯಮಿಯಾದುದು ತೂಗುವವನ ತಕ್ಕಡಿಗೆ ತಕ್ಕಂತೆ. ಸಂಯಮ ಮೊದಲು ಅಲ್ಲಿಂದ ಆರಂಭವಾಗಬೇಕು. ಲೇಖನ ಯಾವ ಪತ್ರಿಕೆಯಲ್ಲಿ ಬಂದಿತೆಂಬುದರಿಂದಲ್ಲ, ಅದರೊಳಗೆ ಏನಿದೆಯೆಂಬುದರಿಂದ ಬೆಲೆಕಟ್ಟಬೇಕೆಂದು 2012ರಲ್ಲಿ ಸಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಘೋಷಣೆಗೆ ಜಗತ್ತಿನ ಅನೇಕ ಸಂಸ್ಥೆಗಳು ಸಹಿ ಹಾಕಿವೆ. ಸಹಿ ಹಾಕುವುದು ಸುಲಭ, ಓದುವುದು ಕಷ್ಟ.

ನನ್ನ ಪ್ರಾರ್ಥನೆ ಬಹು ಸಣ್ಣದು. ಅಭ್ಯರ್ಥಿ ತನ್ನ ಬರಹಗಳಲ್ಲಿ ಯಾವುದು ಶ್ರೇಷ್ಠವೆಂದು ತಿಳಿದಿರುವನೊ ಆ ಒಂದನ್ನು, ಅದು ಕನ್ನಡದಲ್ಲಿಯೇ ಇರಲಿ, ಇನ್ನೂ ಅಚ್ಚಾಗದ ಅರ್ಧ ಅಧ್ಯಾಯವೇ ಇರಲಿ, ಸಮಿತಿಯ ಸದಸ್ಯರೆಲ್ಲರೂ ಮುಂಚಿತವಾಗಿ ಆದ್ಯಂತ ಓದಿಕೊಂಡು ಬಂದು, ಅದರ ಬಗೆಗೆ ಮಾತ್ರ ಅವನೊಡನೆ ಒಂದು ಗಂಟೆ ಮಾತಾಡಲಿ. ತಮ್ಮ ನಿರ್ಣಯವನ್ನು ಕಾರಣಸಹಿತವಾಗಿ ಬರೆದು ಅವನ ಕೈಗೆ ಕೊಡಲಿ, ಪಕ್ಷಪಾತ ನಡೆದಿದ್ದರೆ ಆ ಕಾರಣಗಳಲ್ಲಿಯೇ ಅದು ಸಿಕ್ಕಿಬೀಳುತ್ತದೆ. ಆ ಪ್ರತ್ಯೇಕ ಶಾಸನವನ್ನು ತಿಷ್ಯನಕ್ಷತ್ರದ ದಿನಗಳಲ್ಲಿ ಎಲ್ಲರಿಗೂ ಓದಿಹೇಳಬೇಕೆಂದು ವಿಧಿಸಿದ ದೊರೆ, ನಡುವಣ ದಿನಗಳಲ್ಲಿ ಅವಕಾಶವಾದಾಗ ಒಬ್ಬನೇ ಒಬ್ಬನಿದ್ದರೂ ಅದನ್ನು ಕೇಳಿಸಬೇಕೆಂದು ಸೇರಿಸಿದನು. ಸಂಶೋಧಕನಿಗೂ ಬೇಕಾದುದು ಅಂಥ ಒಬ್ಬನೇ. ಅವನು ಸಿಗುವನೆಂಬ ಭರವಸೆ ಹುಟ್ಟಿದರೆ, ಕಡಗಂಚಿಯ ಹಾಸ್ಟೆಲಿನಲ್ಲಿ ಕುಳಿತ ಹುಡುಗಿ ಈ ಮಾರ್ಚ್ ತಿಂಗಳೊಳಗೆ ಎರಡು ಪೇಪರ್ ಹಾಕುವ ಯೋಚನೆಯನ್ನು ಬದಿಗಿಟ್ಟು ನಾಗಾವಿಯ ಶಾಸನಪಾಠವನ್ನು ಮತ್ತೊಮ್ಮೆ ಮೊದಲಿನಿಂದ ನೋಡಿಯಾಳು.